ಜಡೆಪ್ಪನ ಉಮ್ಮತ್ತಿ ಹಾರ್ನು

ಬಳ್ಳಾರಿಯ ಕೌಲ್‌ಬಜಾರಿನಲ್ಲಿ ತಗಡಿನ ಜಡೆಪ್ಪ ಎಂದರೆ ಗೊತ್ತಿಲ್ಲದವರಿರಲಿಲ್ಲ. ಹತ್ತನೇ ವಯಸ್ಸಿಗೆ ತಗಡು ಬಡಿಯುವ ಕೊಡತಿ ಹಿಡಿದವನು ನಲವತ್ತು ದಾಟಿದರೂ ಕೆಳಗಿಟ್ಟಿರಲಿಲ್ಲ. ಬೆಳಗಾದರೆ ಸಾಕು, ಟಣ್ ಟಣ್ ಟಣ್! ಸೀಮೆಎಣ್ಣೆ ಡಬ್ಬಿ ಬಿಚ್ಚಿ ಲಾಳಿಕೆ, ಬಕೀಟು, ಟ್ರಂಕು ಮಾಡುವ ಕೆಲಸ, ಸದ್ದಿಲ್ಲದೆ ಆಗುವಂಥದ್ದಲ್ಲ. ಅಕ್ಕಪಕ್ಕದವರು ಬೈದು ಬೈದು ಸುಸ್ತಾಗಿ ಸುಮ್ಮನಾಗಿದ್ದರು. ಅವನ ಹೆಂಡತಿ ಹುಲುಗಮ್ಮ ಸಿರುಗುಪ್ಪದ ಕಡೆ ಕರೂರಿನವಳು. ಮದುವೆಯಾಗಿ ಬಂದ ಹೊಸದರಲ್ಲಿ ತಲೆ ಸಿಡಿಯುತ್ತದೆಂದು ಅತ್ತವಳು, ಆಮೇಲಾಮೇಲೆ ಆ ಸದ್ದು ನಿಂತರೇ ಗಾಬರಿಯಾಗಿ ಹೊರಗೆ ಬಂದು ನೋಡುತ್ತಿದ್ದಳು.

ಯುದ್ಧ ಮುಗಿದ ಮರುವರ್ಷ ಮಿಲಿಟರಿಯವರ ಹಳೇ ಸಾಮಾನು ಹರಾಜಾಯಿತು. ಮೈಲಾರಲಿಂಗಪ್ಪ ಎಂಬ ಸಾಹುಕಾರ ಅದರಲ್ಲಿ ಒಂದು ಮೈಕ್‌ಸೆಟ್ ಹಿಡಿದ. ಸಭೆಗೆ, ಮದುವೆಗೆ ಬಾಡಿಗೆ ಬಿಡುವ ಆಸೆ. ಮೈಕು ಇತ್ತು, ಬ್ಯಾಟರಿ ಇತ್ತು, ದನಿ ಹೊರಡಿಸುವ ಯೂನಿಟ್ಟೂ ಇತ್ತು. ಅದರ ಬಾಯಿಗೆ ಕೂರಿಸುವ ಹಾರ್ನು ಮಾತ್ರ ಇರಲಿಲ್ಲ. ಮದ್ರಾಸಿನಿಂದ ತರಿಸುವುದೆಂದರೆ ಆರು ತಿಂಗಳ ಮಾತು.

"ಲಾಳಿಕಿ ಮಾಡಾವ ನೀನು. ಇದೂ ಒಂದು ದೊಡ್ಡ ಲಾಳಿಕಿ ಅಲ್ಲೇನಪಾ? ಮಾಡಿಕೊಡು" ಅಂದ ಸಾಹುಕಾರ.

"ಲಾಳಿಕ್ಯಾಗ ಎಣ್ಣಿ ಹೋದಂಗ ಮಾತು ಹೋಗ್ತೈತೇನ್ರಿ ಸಾವ್ಕಾರ್ರೇ? ಇರ್ಲಿ, ನೋಡೂಣು" ಅಂದ ಜಡೆಪ್ಪ.

ಅಲ್ಲಿಗೆ ಮುಗಿಯಿತು. ಆ ಮನುಷ್ಯನಿಗೆ ಹಾರ್ನಿನ ಹುಚ್ಚು ಹಿಡಿಯಿತು.

ಮೊದಲು ಮಾಡಿದ್ದು ಲಾಳಿಕೆಯಂತೆಯೇ ನೆಟ್ಟನೆಯದು. ದನಿ ದೂರ ಹೋಯಿತು, ಆದರೆ ಕೊಡದೊಳಗೆ ಬಾಯಿಟ್ಟು ಮಾತಾಡಿದ ಹಾಗೆ ಕೇಳಿತು. ಎರಡನೆಯದು ನಾಲ್ಕು ಹಲಗೆ ಜೋಡಿಸಿದಂತೆ ಚೌಕನೆಯದು. ಮಾಡಲು ಸಲೀಸು, ಆದರೆ ದನಿ ಏರಿದಾಗಲೆಲ್ಲ ಚಪ್ಪಟೆ ತಗಡು ಜರ್ ಎಂದು ನಡುಗುತ್ತಿತ್ತು. ಒಂದು ದಿನ ಹಿತ್ತಿಲ ಬೇಲಿಯ ಉಮ್ಮತ್ತಿ ಹೂವನ್ನು ಕಿತ್ತು ಅಂಗೈಯಲ್ಲಿಟ್ಟುಕೊಂಡು ಎಷ್ಟೋ ಹೊತ್ತು ಕೂತ. ಬುಡ ಸಣ್ಣ, ನಿಧಾನಕ್ಕೆ ಅಗಲವಾಗುತ್ತ ಹೋಗಿ, ತುದಿಯಲ್ಲಿ ಒಮ್ಮೆಲೇ ಅರಳಿ ಹೊರಗೆ ಬಾಗಿದೆ. ಹನ್ನೆರಡು ಪಟ್ಟಿ ತಗಡನ್ನು ಹಾಗೇ ಕತ್ತರಿಸಿ, ಬೆಸುಗೆ ಹಾಕಿ, ತಗಡು ತಾನೇ ಕೂಗಬಾರದೆಂದು ಮೈತುಂಬ ಹುಣಸೆಬೀಜದ ಅಂಟಿನಲ್ಲಿ ಗೋಣಿತಟ್ಟು ಸುತ್ತಿದ. ನೋಡುವುದಕ್ಕೆ ಭೂತದಂತಿತ್ತು. ದನಿ ಮಾತ್ರ ಮನುಷ್ಯರದೇ.

ಯಾವ ಆಕಾರ ಹೆಚ್ಚು, ಯಾವುದು ಕಡಿಮೆ ಎಂದು ತಿಳಿಯುವುದಕ್ಕೆ ಅವನದೇ ಒಂದು ಪದ್ಧತಿ. ಮನೆಯ ಹಿಂದಿನ ಬಯಲಿಗೆ ಹಾರ್ನನ್ನು ತಿರುಗಿಸಿ ಕಟ್ಟುವುದು. ಹುಲುಗಮ್ಮ ಮೈಕಿನ ಮುಂದೆ ನಿಂತು, ಅವನನ್ನು ದಿನಾ ಊಟಕ್ಕೆ ಕರೆಯುವ ಮಾತನ್ನೇ ಆಡುವುದು: "ರೊಟ್ಟಿ ಆರತಾವ, ಚಟ್ನಿ ಸಾಕೇನು, ಬರ್ರಿ." ಅವನು ಬಯಲಿನಲ್ಲಿ ದೂರ ದೂರ ನಡೆಯುತ್ತ, ಮಾತು ಬಿಡಿಸಿ ಕೇಳದಾದ ಕಡೆ ಒಂದು ಕಲ್ಲಿಡುವುದು. ಹಾರ್ನಿಗೊಂದು ಕಲ್ಲು.

"ರೊಟ್ಟಿ ಯಾವ ಡಬ್ಬ್ಯಾಗಾದ್ರೂ ಕೇಳಸ್ತೈತಿ. ಚಟ್ನಿ ಕೇಳಸ್ಬೇಕು ನೋಡು, ಅದು ಹಾರ್ನು!" ಎನ್ನುತ್ತಿದ್ದ.

ಉಮ್ಮತ್ತಿಯ ಕಲ್ಲು ಬಯಲಿನ ಆ ತುದಿಯ ಬೇವಿನ ಗಿಡದ ಬುಡಕ್ಕೆ ಹೋಗಿ ಬಿತ್ತು. ಅಲ್ಲಿ ಆಡು ಕಾಯುತ್ತ ಕೂರುವ ಮುದುಕ ಗಾಳೆಪ್ಪ, "ಯವ್ವಾ, ನನಗೂ ಒಂದು ರೊಟ್ಟಿ ಇಡು!" ಎಂದು ಕೂಗಿ ನಗಿಸಿದ. ಮರುವರ್ಷ ಸ್ವಾತಂತ್ರ್ಯ ಬಂದಾಗ ಕುರುಗೋಡಿನ ಸಭೆಗೆ ಅದೇ ಹಾರ್ನು ಹೋಯಿತು. ಗುಡ್ಡದ ಮೇಲಿದ್ದವರಿಗೂ ಭಾಷಣ ಕೇಳಿತೆಂದು ಊರವರು ಜಡೆಪ್ಪನಿಗೆ ಹಾರ ಹಾಕಿದರು. ಆ ಹಾರ ಒಣಗಿ ಪುಡಿಯಾಗುವವರೆಗೂ ಅವನು ಗೋಡೆಯಿಂದ ತೆಗೆಯಲು ಬಿಡಲಿಲ್ಲ.

ಇನ್ನೊಂದು ವರ್ಷ ಕಳೆದಿರಬೇಕು. ಹುಲುಗಮ್ಮ ಊಟಕ್ಕೆ ಎರಡು ಸಲ ಕರೆಯಬೇಕಾಯಿತು. ಆಮೇಲೆ ಮೂರು ಸಲ. ಕೆಲಸದ ಗುಂಗು ಎಂದುಕೊಂಡಳು. ಒಂದು ಮಧ್ಯಾಹ್ನ ಅವನ ಬೆನ್ನ ಹಿಂದೆಯೇ ಹಿತ್ತಾಳೆ ತಟ್ಟೆ ಜಾರಿ ಬಿದ್ದು ಉರುಳಿತು. ಅವನು ತಿರುಗಲಿಲ್ಲ.

ಅತ್ತ ಜಡೆಪ್ಪ ಹಾರ್ನಿನ ಮೇಲೆ ಸಿಟ್ಟಾಗತೊಡಗಿದ. "ರೊಟ್ಟಿ ಬರ್ತೈತಿ, ಚಟ್ನಿ ಬರವಲ್ದು! ಗೋಣಿತಟ್ಟು ಎಲ್ಲಾ ನುಂಗಾಕ ಹತ್ತೈತಿ" ಎಂದು ಉಮ್ಮತ್ತಿಯನ್ನು ಅಟ್ಟಕ್ಕೆ ಎಸೆದ. ದನಿ ಚೂಪಾಗಲೆಂದು ಹೊಸದು ಮಾಡಿದ, ಬಾಯಿ ಸಣ್ಣದು, ಉದ್ದ ಕಡಿಮೆ. ಮತ್ತೊಂದು, ಇನ್ನೂ ಗಿಡ್ಡ. ಕೊನೆಗೆ ಗೋಣಿಯೂ ಇಲ್ಲ, ಬಾಗೂ ಇಲ್ಲ. ಬರೀ ಬೆತ್ತಲೆ ತಗಡು. ಹಾರ್ನು ಬದಲಾದಷ್ಟೂ ಕಲ್ಲುಗಳು ಮನೆಯ ಕಡೆಗೇ ಬರುತ್ತಿದ್ದವು.

ಇಲ್ಲಿ ಹುಲುಗಮ್ಮ ಒಂದು ತಪ್ಪು ಮಾಡಿದಳು. ತಪ್ಪೆಂದು ಬೈಯಲು ನನಗಂತೂ ಬಾಯಿ ಬರುವುದಿಲ್ಲ. ಕಿವಿಯೇ ಬಂಡವಾಳವಾದ ಮನುಷ್ಯನಿಗೆ ಕಿವಿ ಹೋಗಿದೆ ಎಂದು ಹೆಂಡತಿಯಾದವಳು ಹೇಗೆ ಹೇಳಬೇಕು? ಕಲ್ಲು ಹತ್ತಿರ ಬಂದ ದಿನ ಅವನು ಊಟ ಬಿಡುತ್ತಿದ್ದ. ಅದನ್ನು ನೋಡಲಾರದೆ ಅವಳು ಮೈಕಿನಲ್ಲಿ ಮಾತಾಡುವ ಬದಲು ಕಿರುಚತೊಡಗಿದಳು. ಕಲ್ಲು ಮತ್ತೆ ನಾಲ್ಕು ಮಾರು ಮುಂದೆ ಹೋಯಿತು. "ಬಂತು ನೋಡಲೇ ಹುಲುಗೀ!" ಎಂದು ಅವನು ನಕ್ಕ. ಆ ನಗುವಿಗಾಗಿ ಅವಳು ಮೂರು ವರ್ಷ ಕಿರುಚಿದಳು.

ದೇಶಕ್ಕೇ ಮೊದಲನೆಯ ದೊಡ್ಡ ಚುನಾವಣೆ ಬಂತು. ಸಿರುಗುಪ್ಪದ ಸಭೆಗೆ ಜಡೆಪ್ಪ ತನ್ನ ಹೊಸ ಗಿಡ್ಡ ಹಾರ್ನನ್ನು ಬೊಂಬಿನ ತುದಿಗೆ ಕಟ್ಟಿದ. ತವರಿಗೆಂದು ಬಂದಿದ್ದ ಹುಲುಗಮ್ಮನೂ ಕರೂರಿನಿಂದ ಬಂದು ಹೆಂಗಸರ ಸಾಲಿನಲ್ಲಿ ಕೂತಿದ್ದಳು. ಭಾಷಣ ಮಾಡುವವರು ಬಾಯಿ ತೆರೆದದ್ದೇ ತಡ, ಕೀಂಯ್ ಎಂದು ತಗಡು ಚೀರಿತು. ಕೂಸುಗಳು ಅಳತೊಡಗಿದವು, ಜನ ಕಿವಿ ಮುಚ್ಚಿಕೊಂಡು ಎದ್ದರು. ಭಾಷಣ ಮಾಡುತ್ತಿದ್ದವರು ಮೈಕು ತಳ್ಳಿ ಬರಿಗಂಟಲಲ್ಲೇ ಕೂಗಿದರು. ಬೊಂಬಿನ ಬುಡದಲ್ಲಿ ಜಡೆಪ್ಪ ಒಬ್ಬನೇ ಕಣ್ಣು ಮುಚ್ಚಿ ತಲೆದೂಗುತ್ತ ನಿಂತಿದ್ದ. ಜನ ಅವನನ್ನು ನೋಡಿ ನಕ್ಕರು. ಹುಲುಗಮ್ಮ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಮೈಲಾರಲಿಂಗಪ್ಪ ಎಲ್ಲರೆದುರಿಗೇ ಉರಿದುಬಿದ್ದ. "ಕಿವ್ಯಾಗ ಮೊಳಿ ಜಡಿದಂಗಾತಲ್ಲೋ! ಮಂದಿ ಮುಂದ ನನ್ನ ಮರ್ಯಾದಿ ಕಳದಿ. ಸಾಕು, ಇನ್ನ ನಿನ್ನ ಹಾರ್ನು ಬ್ಯಾಡ."

"ಹಾರ್ನು ಚಲೋ ಐತ್ರಿ! ನಿಮ್ಮ ಯೂನಿಟ್ಟ ಕೆಟ್ಟೈತಿ. ಒಂದು ದಿನ ಸೆಟ್ಟು ಕೊಡ್ರಿ. ಉಮ್ಮತ್ತಿ ಹಾಕಿ ತೋರಸ್ತೀನಿ. ಬೇವಿನ ಗಿಡಕ್ಕ ಅದೂ ಮುಟ್ಟಲಿಲ್ಲಂದ್ರ ನಿಮ್ಮ ಸೆಟ್ಟಿಂದ ತಪ್ಪು" ಅಂದ ಜಡೆಪ್ಪ.

ಹಾಳಾಗಿ ಹೋಗಲೆಂದು ಸಾಹುಕಾರ ಒಂದು ದಿನದ ಮಟ್ಟಿಗೆ ಸೆಟ್ಟು ಕಳಿಸಿದ.

ಬೆಳಗಿನ ಬಿಸಿಲಿಗೆ ಉಮ್ಮತ್ತಿ ಅಟ್ಟದಿಂದ ಇಳಿಯಿತು. ಇಲಿ ಕಡಿದ ಗೋಣಿಗೆ ಅಂಟು ಹಚ್ಚಿ, ಕಟ್ಟಿ, ಜಡೆಪ್ಪ ಬಯಲಿಗೆ ಇಳಿದ. ಹುಲುಗಮ್ಮ ಮೈಕಿನ ಮುಂದೆ ನಿಂತಳು. ಇವತ್ತು ಕಿರುಚಬಾರದು ಎಂದುಕೊಂಡಳು. ಕಿರುಚಿ ಕಿರುಚಿಯೇ ಅವನನ್ನು ಮಂದಿಯ ನಗೆಗೆ ಒಪ್ಪಿಸಿದವಳು ತಾನು.

"ರೊಟ್ಟಿ ಆರತಾವ, ಚಟ್ನಿ ಸಾಕೇನು, ಬರ್ರಿ."

ಅವನು ಬಯಲಿನ ಅರ್ಧವನ್ನೂ ಮುಟ್ಟದೆ ನಿಂತ. ಕಿವಿಗೆ ಕೈ ಹಚ್ಚಿದ. ಇನ್ನೊಮ್ಮೆ ಎಂದು ಸನ್ನೆ ಮಾಡಿದ. ಅವಳು ಇನ್ನೊಮ್ಮೆ ಅಂದಳು. ಅವನು ತಲೆಯಾಡಿಸಿ, ಬಗ್ಗಿ ಕಲ್ಲಿಟ್ಟು, 'ನೋಡಿದೆಯಾ, ಸೆಟ್ಟೇ ಕೆಟ್ಟಿದೆ' ಎಂಬಂತೆ ಎರಡೂ ಕೈ ಚೆಲ್ಲಿದ. ಹುಲುಗಮ್ಮನಿಗೆ ಇನ್ನು ತಡೆಯಲಾಗಲಿಲ್ಲ.

"ಸೆಟ್ಟು ಚಲೋ ಐತ್ರೀ. ಹಾರ್ನೂ ಚಲೋ ಐತಿ. ನಿಮ್ಮ ಕಿವಿ ಹೋಗ್ಯಾವ. ನನಗ ಯಾವಾಗೋ ಗೊತ್ತಿತ್ತು. ಮುಖ ನೋಡಿ ಹೇಳಾಕ ಬಾಯಿ ಬರಲಿಲ್ರೀ."

ಆಡಿ ಮುಗಿಸಿದ ಮೇಲೆ ಮುಂದಿದ್ದದ್ದು ಮೈಕು ಎಂಬುದು ಅವಳಿಗೆ ನೆನಪಾಯಿತು. ಅಯ್ಯೋ ಶಿವನೇ! ಪಕ್ಕದ ಮನೆಯಲ್ಲಿ ಬೀಸುಕಲ್ಲು ನಿಂತಿತು. ಬಾಗಿಲು ಬಾಗಿಲಿಗೆ ಜನ ಬಂದು ನಿಂತರು. ಇಡೀ ಓಣಿಗೆ ಕೇಳಿದ ಮಾತು ಒಬ್ಬನಿಗೆ ಮಾತ್ರ ಕೇಳಿರಲಿಲ್ಲ. ಅವನು ಕಲ್ಲಿನ ಪಕ್ಕದಲ್ಲಿ ನಿಂತು, ಇನ್ನೊಮ್ಮೆ, ಇನ್ನೊಮ್ಮೆ ಎಂದು ಕೈ ಆಡಿಸುತ್ತಲೇ ಇದ್ದ.

ಅವನಿಗಿಂತ ಎಷ್ಟೋ ದೂರ, ಬೇವಿನ ಗಿಡದ ಬುಡದಲ್ಲಿ ಗಾಳೆಪ್ಪ ಎದ್ದ. ಆಡುಗಳನ್ನು ಅಲ್ಲೇ ಬಿಟ್ಟು, ಕೋಲು ಊರುತ್ತ ಬಯಲು ದಾಟಿ ಬಂದು, ಜಡೆಪ್ಪನ ಹೆಗಲ ಮೇಲೆ ಕೈಯಿಟ್ಟು ಕಿವಿಯ ಹತ್ತಿರ ಬಾಯಿ ತಂದ. ಜಡೆಪ್ಪನ ಎತ್ತಿದ ಕೈ ಕೆಳಗಿಳಿದದ್ದನ್ನು ಹುಲುಗಮ್ಮ ಕಂಡಳು.

ಅವನು ಬಂದು ತಟ್ಟೆಯ ಮುಂದೆ ಕೂತ. ಅವಳು ರೊಟ್ಟಿ ಹಾಕಿದಳು, ಚಟ್ನಿ ಹಾಕಿದಳು.

"ಎಷ್ಟು ವರ್ಷಾತು?" ಅಂದ.

ಅವಳು ನಾಲ್ಕು ಬೆರಳು ತೋರಿಸಿದಳು.

ಅವನು ರೊಟ್ಟಿ ಮುರಿದ. ಬಾಯಿಗಿಡದೆ ಕೈಯಲ್ಲೇ ಹಿಡಿದುಕೊಂಡ. "ಗಾಳೆಪ್ಪಗ ಎಲ್ಲಾ ಬಿಡಿಸಿ ಬಿಡಿಸಿ ಕೇಳಿಸಿತಂತ" ಅಂದ, "ಅಷ್ಟು ದೂರದಾಗ."

ಹುಲುಗಮ್ಮ ಹೌದೆಂದು ತಲೆಯಾಡಿಸಿದಳು.

"ಹಂಗಾದ್ರ ಉಮ್ಮತ್ತಿ ಚಲೋನ ಆಗಿತ್ತು" ಅಂದ ಜಡೆಪ್ಪ. ಅವನ ಕಣ್ಣೀರು ತಟ್ಟೆಗೆ ಬಿತ್ತು.