ವಿಲೆಮ್ ಇಟ್ಟುಕೊಂಡಿದ್ದ ಹಲಗೆಗಳು

ವಿಲೆಮ್ ಅವರ ಬೆರಳ ತುದಿಗಳು ಯಾವಾಗಲೂ ಕಪ್ಪಗಿರುತ್ತಿದ್ದವು. ಕಪ್ಪು ಅಕ್ರೋಟಿನ ಹಸಿ ಸಿಪ್ಪೆ ನೆನೆಹಾಕಿ, ಆ ರಸವನ್ನು ಅಗ್ಗದ ಮರಕ್ಕೆ ಬಳಿದು ಬಣ್ಣ ಬರಿಸುತ್ತಿದ್ದರು. ಯಾವ ಸೋಪಿಗೂ ಆ ಕಲೆ ಜಗ್ಗುತ್ತಿರಲಿಲ್ಲ. ಹಾರ್ಲೆಮ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ, ಎಪ್ಪತ್ತು ದಾಟಿದ ಈ ಬಡಗಿ ನನ್ನ ತಾಳ್ಮೆ ಕೆಡಿಸಿದಷ್ಟು ಇನ್ನಾರೂ ಕೆಡಿಸಿಲ್ಲ. ಏನು ಕೇಳಿದರೂ "ರುಸ್ಟಿಗ್", ಅಂದರೆ ಡಚ್ ಭಾಷೆಯಲ್ಲಿ ಸಮಾಧಾನ, ಎನ್ನುವರು.

ತೊಂಬತ್ತೆಂಟರಲ್ಲಿ ಮಗಳು ಹುಟ್ಟಿದ ದಿನ ಆಸ್ಪತ್ರೆಯಿಂದ ನೇರ ಅವರಲ್ಲಿಗೆ ಸೈಕಲ್ ತುಳಿದೆ. ಹನ್ನೆರಡನೇ ದಿನ ನಾಮಕರಣ, ಅಷ್ಟರೊಳಗೆ ಮರದ ತೊಟ್ಟಿಲು ಬೇಕು ಎಂದೆ. ಹೆಂಡತಿಯ ಬಾಣಂತನಕ್ಕೆ ಮೈಸೂರಿನಿಂದ ಬಂದಿದ್ದ ಅತ್ತೆಗೆ ಅಂಗಡಿಯ ಕಬ್ಬಿಣದ್ದು ಆಗದು.

"ಒಂಬತ್ತು ತಿಂಗ್ಳು ಏನ್ ಮಾಡ್ತಿದ್ದೆ?" ಎಂದರು ವಿಲೆಮ್.

ಮಗು ಹುಟ್ಟುವ ಮುಂಚೆ ತೊಟ್ಟಿಲು ಮಾಡಿಸುವುದು ನಮ್ಮಲ್ಲಿ ಅಪಶಕುನ ಎಂದು ವಿವರಿಸಿದೆ. ತಲೆ ಕೆರೆದುಕೊಂಡು ಅಟ್ಟದಿಂದ ಅಗಲವಾದ ಹಲಗೆಗಳನ್ನು ಇಳಿಸಿದರು. ಕಪ್ಪು ಅಕ್ರೋಟು. ಹಿಂದೆಲ್ಲ ಇದರಲ್ಲಿ ಕೋವಿಯ ಹಿಡಿ, ಗಡಿಯಾರದ ಪೆಟ್ಟಿಗೆ ಮಾಡುತ್ತಿದ್ದರು, ಚೆನ್ನಾಗಿ ಒಣಗಿದರೆ ಸೊಟ್ಟಗಾಗುವುದಿಲ್ಲ ಎಂದರು. ಇವು ಹದಿನೈದು ವರ್ಷದಿಂದ ಒಣಗುತ್ತಿದ್ದವಂತೆ.

ಐದನೇ ದಿನ ಹೋದರೆ ಹಲಗೆಯ ಮೇಲೆ ಕೈಯಾಡಿಸುತ್ತ ಕೂತಿದ್ದರು. ಒಂಬತ್ತನೇ ದಿನ ಗೆರೆ ಎಳೆದು, ಅಳಿಸಿ, ಮತ್ತೆ ಎಳೆಯುತ್ತಿದ್ದರು. ಹನ್ನೊಂದನೇ ದಿನವೂ ಗರಗಸ ಮುಟ್ಟಿರಲಿಲ್ಲ. ನನಗೆ ಮೈಯೆಲ್ಲ ಉರಿಯಿತು. ಆಗದಿದ್ದರೆ ಆಗದು ಅನ್ನಬೇಕಿತ್ತು, ನಾಲ್ಕು ಹಲಗೆ ಕೊಯ್ಯಲು ಇಷ್ಟು ಮೀನಮೇಷವೇ ಎಂದು ಕೂಗಾಡಿದೆ.

"ರುಸ್ಟಿಗ್. ಒಂದ್ಸಲ ಕೊಯ್ದ್ರೆ ಮತ್ತೆ ಕೂಡ್ಸಕ್ಕಾಗಲ್ಲ."

ಒಗೆದ ಬಟ್ಟೆ ಹಾಕುವ ಪ್ಲಾಸ್ಟಿಕ್ ಬುಟ್ಟಿಯಲ್ಲಿ ಮಲಗಿಸಿ ಮಗಳಿಗೆ ಹೆಸರಿಟ್ಟೆವು. ಅತ್ತೆ ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ತೊಟ್ಟಿಲು ಬಂದಾಗ ಮಗಳು ಎದ್ದು ನಿಲ್ಲಲು ಕಲಿಯುತ್ತಿದ್ದಳು. ಒಂದು ಮೊಳೆಯಿಲ್ಲ, ತೂಗಿದರೆ ಕಿರುಗುಟ್ಟುವುದಿಲ್ಲ. ಇವಳು ಮಲಗಲು ಒಪ್ಪದೆ ಅಂಚು ಹಿಡಿದು ನಿಂತಳು. ಇನ್ನು ಇದು ಯಾತಕ್ಕೆ ಎಂದುಬಿಟ್ಟೆ. ಥ್ಯಾಂಕ್ಸ್ ಕೂಡ ಹೇಳಲಿಲ್ಲ. ಅವರು ಅಂಚನ್ನೊಮ್ಮೆ ಸವರಿ ಹೊರಟುಹೋದರು.

ಮರು ಚಳಿಗಾಲದಲ್ಲಿ ವಿಲೆಮ್ ತೀರಿಕೊಂಡರು. ಶವಪೆಟ್ಟಿಗೆ ತೆಳ್ಳನೆಯ ಪೈನ್ ಮರದ್ದು. ಜೀವನವೆಲ್ಲ ಒಳ್ಳೆಯ ಮರ ಮುಟ್ಟಿದವರಿಗೆ ಇದೇ ಸಿಕ್ಕಿತೇ ಎಂದು ಅವರ ಹೆಂಡತಿಯನ್ನು ಕೇಳಿಯೇಬಿಟ್ಟೆ.

"ಇದಕ್ಕೆ ಅಂತ ಇಟ್ಕೊಂಡಿದ್ದ ಹಲಗೆ ನಿಮ್ಮನೇಲಿದೆಯಲ್ಲಪ್ಪ," ಎಂದರು ಆಕೆ.

ಒಂದು ಮಾತು ಹೇಳಬಾರದಿತ್ತೇ ಆ ಮನುಷ್ಯ? ಹೇಳಿದ್ದರೆ ಹಾಗೆ ಕೂಗಾಡುತ್ತಿರಲಿಲ್ಲ. ನಿಜ ಹೇಳಬೇಕೆಂದರೆ, ಆ ತೊಟ್ಟಿಲನ್ನು ಹೊಸ್ತಿಲೊಳಗೂ ಬಿಟ್ಟುಕೊಳ್ಳುತ್ತಿರಲಿಲ್ಲ. ನಮ್ಮ ಶಕುನದ ಕಥೆ ಕೇಳಿದ್ದರಿಂದಲೇ ಬಾಯಿ ಬಿಡಲಿಲ್ಲವೇನೋ.

ಅತ್ತೆಗೆ ಇವತ್ತಿಗೂ ಹೇಳಿಲ್ಲ. ಎರಡನೆಯವನು ಹುಟ್ಟಿದಾಗ ಹನ್ನೆರಡನೇ ದಿನ ಅದರಲ್ಲೇ ಮಲಗಿಸಿ ಹೆಸರಿಟ್ಟೆವು. ಈ ಸಲ ಹೊತ್ತಿಗೆ ಸರಿಯಾಗಿ ಸಿಕ್ಕಿತು ಎಂದು ಹೇಳಿಬರೋಣವೆಂದರೆ ಪಕ್ಕದ ಮನೆಯಲ್ಲಿ ವಿಲೆಮ್ ಇರಲಿಲ್ಲ.