ಅವ್ವ ಅತ್ತ ಹಾಡು

ನಾನು ಬ್ಯಾಡಗಿಯಿಂದ ರಾಣೆಬೆನ್ನೂರಿಗೆ ದಿನಾ ರೈಲಿನಲ್ಲಿ ಹೋಗಿ ಬಿ.ಎ. ಓದುತ್ತಿದ್ದ ಎಂಬತ್ತರ ದಶಕದ ಮಾತು. ಕನ್ನಡ ಕ್ಲಾಸಿನಲ್ಲಿ ಕವಿತೆ, ಸಣ್ಣಕಥೆಗಳ ಚರ್ಚೆ ಮುಗಿದ ಮೇಲೆ ಒಂದು ದಿನ ಮಾಸ್ತರರು, ಪುಸ್ತಕ ಮುಚ್ಚಿಡಿರಿ, ನಿಮ್ಮ ಎದೆಯೊಳಗಿನದನ್ನು ಹಾಡಿ ಹೇಳಿರಿ ಎಂದರು. ಹುಡುಗರು ಸಿನಿಮಾ ಹಾಡು ಹಾಡಿ ಪಾರಾದರು. ನನ್ನ ಸರದಿ ಬಂತು.

ನನ್ನ ಎದೆಯೊಳಗೆ ಇದ್ದದ್ದು ಒಂದೇ ಹಾಡು. ನಮ್ಮ ಕಡೆ ಹೆಂಗಸರು ಹೆಣದ ಮುಂದೆ ಕುಂತು, ಸತ್ತವರ ಒಂದೊಂದೇ ಗುಣ ಎತ್ತಿ ಆಡಿ, ರಾಗ ಮಾಡಿ ಅಳುತ್ತಾರೆ. ನಾನು ಚಿಕ್ಕವಳಿದ್ದಾಗ ಅಣ್ಣ ಜ್ವರ ಬಂದು ತೀರಿಕೊಂಡ. ಅವನದೊಂದು ಫೋಟೋ ಕೂಡ ಇರಲಿಲ್ಲ. ಮುಖ ಮಸುಕಾಗುತ್ತ ಹೋದಂತೆ, ಅವತ್ತು ಅವ್ವ ಅತ್ತ ಹಾಡನ್ನೇ ನಾನು ಗಟ್ಟಿಯಾಗಿ ಹಿಡಿದುಕೊಂಡಿದ್ದೆ. ಅದನ್ನೂ ಮರೆತರೆ ಅಣ್ಣ ಪೂರ್ತಿ ಹೋದಂತೆ ಎಂಬ ಹೆದರಿಕೆ.

ಎತ್ತಿಯೇ ಬಿಟ್ಟೆ. 'ದೀಪ ಹಚ್ಚೋ ಹೊತ್ತಿಗೆ ಸೀಟಿ ಹೊಡಕೋತ ಬರಾಂವ, ಇವತ್ತ್ಯಾಕ ಬಾಯಿ ಮುಚ್ಚೀದಿ ನನ್ನ ಕೂಸ...'

ಹೊರಗಿದ್ದ ಕಾಲೇಜಿನ ಸಿಪಾಯಿ ಗಾಬರಿಯಾಗಿ ಓಡಿ ಬಂದು, ಯಾರು ತೀರಿಕೊಂಡರು ಎಂದು ಕೇಳಿದ. ಯಾರೂ ನಗಲಿಲ್ಲ. ಇದು ಕವಿತೆಯೋ, ಕಥೆಯೋ, ಬರೀ ಅಳುವೋ ಎಂದು ಮಾಸ್ತರರು ಚರ್ಚೆಗೆ ಎಳೆದರು. ನನಗೆ ಮೈಯೆಲ್ಲ ಉರಿಯಿತು. ನಮ್ಮಣ್ಣನನ್ನು ಪರೀಕ್ಷೆಯ ಪ್ರಶ್ನೆ ಮಾಡಬೇಡಿರಿ ಅನ್ನಬೇಕೆನಿಸಿತು.

ಸಂಜೆ ಅವ್ವನಿಗೆ ಹೇಳಿದೆ. ಸಾವಿಲ್ಲದ ಕಡೆ ಆ ರಾಗ ಎತ್ತುವುದು ಅಪಶಕುನ, ಬೈಯುತ್ತಾಳೆ ಅಂದುಕೊಂಡಿದ್ದೆ. ಅವ್ವ ಮೆಣಸಿನಕಾಯಿ ತೊಟ್ಟು ಮುರಿಯುವುದನ್ನು ನಿಲ್ಲಿಸಿ, ಅಣ್ಣ ತೀರಿಕೊಂಡ ದಿನ ತಾನು ಏನು ಹಾಡಿದೆನೋ ಒಂದು ಮಾತೂ ನೆನಪಿಲ್ಲ ಎಂದಳು. ಮನೆಯೊಳಗೆ ಬೇಡವೆಂದು ಕೈ ಹಿಡಿದು ಹಿತ್ತಲಾಚೆಯ ಹೊಲಕ್ಕೆ ಕರೆದೊಯ್ದಳು. ಬದುವಿನ ಮೇಲೆ ಕುಂತು ಹಾಡಿದೆ.

ಸೀಟಿಯ ಮಾತು ಬಂದಲ್ಲಿ ಅವ್ವ ನನ್ನ ಬಾಯಿಗೆ ಕೈ ಅಡ್ಡ ಹಿಡಿದಳು.

'ಅವಂಗ ಸೀಟಿ ಹೊಡಿಯಾಕ ಬರತಿದ್ದಿಲ್ಲ ಯವ್ವಾ. ಸೀಟಿ ಹೊಡೀತಿದ್ದಾಂವ ನಮ್ಮಣ್ಣ. ನಾ ಸಣ್ಣಾಕಿ ಇದ್ದಾಗ ಹ್ವಾದ. ನಮ್ಮವ್ವ ಅವನ ಮುಂದ ಹಿಂಗ ಅತ್ತಿದ್ಳು. ನನಗೂ ಅದ ಬಾಯಿಗೆ ಬಂದೈತಿ.'

ಹಾಗಾದರೆ ನನ್ನ ಅಣ್ಣ ಹೇಗೆ ಬರುತ್ತಿದ್ದ ಎಂದು ಕೇಳಿದೆ. ಅವ್ವ ಬಹಳ ಹೊತ್ತು ಯೋಚಿಸಿದಳು. ಅವಳಿಗೆ ಹೊಳೆಯಲಿಲ್ಲ.

ಈಗ ಅವ್ವನೂ ಇಲ್ಲ. ದೀಪ ಹಚ್ಚುವ ಹೊತ್ತಿಗೆ ಅಣ್ಣನನ್ನು ನೆನೆದರೆ, ಇವತ್ತಿಗೂ ಅವನು ಸೀಟಿ ಹೊಡೆಯುತ್ತಲೇ ಬರುತ್ತಾನೆ.