ತಾಟು ಒಡೆಯುವ ಅಕ್ಕೋರು

ಅಕ್ಕೋರ ಬಲಗೈಯ ತೋರುಬೆರಳು ತುದಿಯಲ್ಲಿ ತುಸು ಸೊಟ್ಟಗಿತ್ತು. ವರ್ಷಗಟ್ಟಲೆ ಸೀಮೆಸುಣ್ಣ ಹಿಡಿದು ಒತ್ತಿ ಒತ್ತಿ ಬರೆದದ್ದಕ್ಕೆ ಹಾಗಾಗಿತ್ತಂತೆ. ನಿವೃತ್ತರಾದ ಮೇಲೂ ಆ ಬೆರಳಿಗೆ ಬಿಡುವಿರಲಿಲ್ಲ. ಮಾತಾಡುವಾಗ ಗಾಳಿಯಲ್ಲೇ ಅಕ್ಷರ ತಿದ್ದುತ್ತಿತ್ತು. ಹಾಲಿನವನ ಕಡೆ ಅದನ್ನು ಚಾಚಿದರೆ ಸಾಕು, ಇವರು ಬಾಯಿ ತೆರೆಯುವ ಮೊದಲೇ ಅವನು "ನೀರು ಹಾಕಿಲ್ರೀ ಅಕ್ಕೋರ" ಅನ್ನುತ್ತಿದ್ದ. ನನಗೆ ಅ ಆ ತಿದ್ದಿಸಿದ್ದು ಅದೇ ಬೆರಳು, ಕಿವಿ ಹಿಂಡಿದ್ದೂ ಅದೇ.

ನಮ್ಮ ಕಡೆ ಶಾಲೆ ಕಲಿಸುವ ಹೆಂಗಸರೆಲ್ಲ ಅಕ್ಕೋರೇ. ಹಿರೇಕೆರೂರಿನಲ್ಲಿ ನಮ್ಮ ಮನೆಗೂ ಅವರ ಮನೆಗೂ ನಡುವೆ ಇದ್ದದ್ದು ಒಂದೇ ಗೋಡೆ. ಮದುವೆಯಾಗದ ಅಕ್ಕೋರು, ಗಂಡನನ್ನು ಕಳೆದುಕೊಂಡ ಅವರ ತಂಗಿ, ಇಬ್ಬರೇ ಆ ಮನೆಯಲ್ಲಿ. ತಂಗಿಯನ್ನು ನಾನು ಚಿಗವ್ವ ಅನ್ನುತ್ತಿದ್ದೆ. ಇಬ್ಬರೂ ಸಾರಿನ ಉಪ್ಪಿಗೂ ಜಗಳ, ಕಸಬರಿಗೆ ಇಡುವ ಮೂಲೆಗೂ ಜಗಳ. ಒಬ್ಬರು ಊಟಕ್ಕೆ ಬರದಿದ್ದರೆ ಮಾತ್ರ ಇನ್ನೊಬ್ಬರ ಗಂಟಲಲ್ಲಿ ತುತ್ತು ಇಳಿಯುತ್ತಿರಲಿಲ್ಲ.

ಅಂಥ ಅಕ್ಕೋರಿಗೆ ಒಂದು ಬೆಳಿಗ್ಗೆ ಲಕ್ವಾ ಹೊಡೆಯಿತು. ಬಾಯಿ ಬೇಗ ಸರಿಯಾಯಿತು, ಕಾಲೂ ಕುಂಟುತ್ತ ದಾರಿಗೆ ಬಂತು. ಬಲಗೈ ಮಾತ್ರ ಜೋತುಬಿದ್ದೇ ಇತ್ತು. ಡಾಕ್ಟರು ಹಿಚುಕಲು ರಬ್ಬರ್ ಚೆಂಡು ಕೊಟ್ಟರು. ಅಕ್ಕೋರು ಅದನ್ನು ಎಡಗೈಯಿಂದ ತೆಗೆದು ಬೀದಿಗೆ ಎಸೆದರು. "ಕೂಸಿನ ಆಟಕಿ ಕೊಟ್ಟು ನನ್ನ ರಮಿಸಾಕ ಬರ್ತಾನ" ಅಂದರು. ಚಿಗವ್ವ ಹೋಗಿ ಅದನ್ನು ಹುಡುಕಿ ತಂದರು. ಅಕ್ಕೋರು ಮತ್ತೆ ಎಸೆದರು.

ದೀಪಾವಳಿಗೆಂದು ನಾನು ಅಟ್ಟ ಸ್ವಚ್ಛ ಮಾಡುವಾಗ ನನ್ನ ತಮ್ಮ ಸಣ್ಣವನಿದ್ದಾಗ ಆಡುತ್ತಿದ್ದ ಟಿವಿ ಗೇಮಿನ ಪೆಟ್ಟಿಗೆ ಸಿಕ್ಕಿತು. ಹುಬ್ಬಳ್ಳಿಯಿಂದ ತಂದದ್ದು. ಒಂದು ಹಳದಿ ಕ್ಯಾಸೆಟ್, ಉದ್ದನೆಯ ವೈರಿದ್ದ ಪ್ಲಾಸ್ಟಿಕ್ ಬಂದೂಕು. ಟಿವಿಯಲ್ಲಿ ಹಾರುವುದಕ್ಕೆ ಗುರಿಯಿಟ್ಟು ಬಂದೂಕಿನ ಕುದುರೆ ಒತ್ತಿದರೆ ಅದು ಬೀಳಬೇಕು, ಅಷ್ಟೇ ಆಟ. ಗುಜರಿಗೆ ಹಾಕೋಣವೆಂದು ಕಟ್ಟೆಯ ಮೇಲಿಟ್ಟಿದ್ದೆ.

"ಇದೇನಲೇ, ಮನ್ಯಾಗ ಬಂದೂಕು ಇಟ್ಕೊಂಡೀಯೇನು? ಯಾರ ಮ್ಯಾಲ ಸಿಟ್ಟು?" ಎಂದು ಅಕ್ಕೋರು ಅದನ್ನು ಎತ್ತಿಕೊಂಡರು. ಎಡಗೈಯಿಂದ ಎತ್ತಿದವರು ಬಲಗೈಯನ್ನು ಹಿಡಿದು ತಂದು ಕುದುರೆಯ ಮೇಲಿಟ್ಟರು. ಆ ಸೊಟ್ಟ ಬೆರಳು ಅಲ್ಲಿ ತಾನಾಗಿಯೇ ಕೂತಿತು.

ಅವರ ಮನೆಯ ಡಬ್ಬಾ ಟಿವಿಗೆ ಜೋಡಿಸಿಕೊಟ್ಟೆ. ಮೊದಲು ಹಕ್ಕಿಗಳ ಆಟ ಬಂತು. ಏಳೆಂಟು ಸಲ ತಪ್ಪಿ ಒಂದಕ್ಕೆ ಗುರಿ ತಾಗಿ ಹಕ್ಕಿ ರಪ್ಪನೆ ಬಿತ್ತು. ಅಕ್ಕೋರು ಬಂದೂಕು ಬಿಟ್ಟು ಕೊರಳಿನ ಲಿಂಗ ಮುಟ್ಟಿಕೊಂಡರು. "ಶಿವಶಿವಾ! ಇರಿವಿ ತುಳಿದಾಕಿ ಅಲ್ಲ ನಾ. ಏನು ಮಾಡಿಸ್ದೆಲೇ ನನ್ನ ಕೈಯಾಗ!" ಅದೇ ಕ್ಯಾಸೆಟ್ಟಿನಲ್ಲಿ ಹಾರುವ ತಾಟುಗಳಿಗೆ ಹೊಡೆಯುವ ಆಟವೂ ಇತ್ತು. ಅದನ್ನು ಹಾಕಿದೆ. ಅಕ್ಕೋರು ಒಂದು ಗಳಿಗೆ ವಿಚಾರ ಮಾಡಿ ಒಪ್ಪಿದರು. "ತಾಟು ಒಡದ್ರ ಪಾಪ ಇಲ್ಲ. ಲುಕ್ಸಾನ ಅಷ್ಟ."

ಅಲ್ಲಿಂದ ಅವರಿಗೆ ಅದರದೇ ಹುಚ್ಚು. ಮಧ್ಯಾಹ್ನ ಊಟವಾಯಿತೆಂದರೆ ಢಿಶುಂ ಢಿಶುಂ ಎಂದು ಗೋಡೆಯಾಚೆಯಿಂದ ಸದ್ದು. ಮೊದಲು ಎಡಗೈಯ ಆಸರೆ ಬೇಕಾಗಿತ್ತು, ಆಮೇಲೆ ದಿಂಬಿನ ಆಸರೆ. ಯುಗಾದಿಯ ಹೊತ್ತಿಗೆ ಬಲಗೈಯೊಂದೇ ಬಂದೂಕು ಎತ್ತತೊಡಗಿತು, ರೊಟ್ಟಿ ಮುರಿಯತೊಡಗಿತು. ನನಗಂತೂ ಹಬ್ಬವೇ ಆಗಿತ್ತು.

ಒಮ್ಮೆ ಅವರು ಗುರಿ ಹಿಡಿದಾಗ ನಾನೂ ಚಿಗವ್ವನೂ ಹಿಂದೆ ಕುಳಿತು ಹರಟುತ್ತಿದ್ದೆವು. ಚಿಗವ್ವ ಮೊಬೈಲಿನಲ್ಲಿ ವಿಡಿಯೊ ಮಾಡುತ್ತಿದ್ದರು. ಅಕ್ಕೋರು ಬಂದೂಕಿನ ಸಮೇತ ಗರಕ್ಕನೆ ತಿರುಗಿ, ಮೂಗಿನ ತುದಿಗಿಳಿದ ಕನ್ನಡಕದ ಮೇಲಿಂದ ನೋಡಿ ಗದರಿದರು: "ಯಾರದು ಮಾತಾಡಾಕತ್ತಿದ್ದು?"

ಚಿಗವ್ವ ಅದನ್ನು ಸ್ಟೇಟಸ್ ಇಟ್ಟರು. ಯಾವ ಪುಣ್ಯಾತ್ಮ ಆ ಮಾತನ್ನೂ ಕೆಳಗೆ ಬರೆದು ಅದರಿಂದ ಸ್ಟಿಕರ್ ಮಾಡಿದನೋ ಗೊತ್ತಿಲ್ಲ, ವಾರದೊಳಗೆ ಹಾನಗಲ್ಲಿನಿಂದ ಸವಣೂರಿನವರೆಗೆ ಎಲ್ಲ ಗ್ರೂಪುಗಳಲ್ಲೂ ಅಕ್ಕೋರೇ. ಗುಡ್ ಮಾರ್ನಿಂಗಿನ ಕಾಟ ಹೆಚ್ಚಾದರೆ ಅಕ್ಕೋರು, ರಾಜಕೀಯ ಶುರುವಾದರೆ ಅಕ್ಕೋರು. ಬೇಜಾರು ಮಾಡಿಕೊಳ್ಳುತ್ತಾರೇನೋ ಎಂದು ಅಂಜುತ್ತಲೇ ತೋರಿಸಿದೆ. ಕನ್ನಡಕ ಏರಿಸಿ ನೋಡಿದರು. "ನಾ ಬಾಯಿ ಹರಕೊಂಡಾಗ ಒಬ್ಬನೂ ಸುಮ್ಮನಾಗಲಿಲ್ಲ. ಈಗ ಚಿತ್ರ ನೋಡಿ ಸುಮ್ಮನಾಗ್ತಾರಂತ? ಅಡ್ಡಿ ಇಲ್ಲ ಬಿಡು" ಎಂದು ನಕ್ಕರು.

ಆಮೇಲೆ ಆದದ್ದು ಕೇಳಿ. ಅಕ್ಕೋರನ್ನು ನಾನು ಹಾವೇರಿಗೆ ಡಾಕ್ಟರ ಹತ್ತಿರ ಕರೆದುಕೊಂಡು ಹೋದ ದಿನ ಚಿಗವ್ವ ಹಳೆಯ ಟಿವಿಯನ್ನು ಎಕ್ಸ್‌ಚೇಂಜಿಗೆ ಕೊಟ್ಟು, ಗೋಡೆಗೆ ತೆಳ್ಳನೆಯ ಹೊಸ ಟಿವಿ ಹಾಕಿಸಿದ್ದರು. ಜಗಳ ಗ್ಯಾರಂಟಿ ಅಂದುಕೊಂಡೆ. ಅಕ್ಕೋರು ಮಾತ್ರ, "ಚಂದ ಐತಿ ಬಿಡು, ನಿನ್ನ ಸೀರಿಯಲ್ಲಿನ ಅತ್ತಿ ಮಾರಿ ಚೊಲೊ ಕಾಣತೈತಿ" ಅಂದರು. ಮರುದಿನ ನಾನೇ ಗೇಮ್ ಜೋಡಿಸಿಕೊಟ್ಟು ಕೆಲಸಕ್ಕೆ ಹೋದೆ.

ಅವತ್ತಿನಿಂದ ಗೋಡೆಯಾಚೆ ಢಿಶುಂ ಕೇಳಲಿಲ್ಲ. ಅಕ್ಕೋರು ಕಟ್ಟೆಗೂ ಬರಲಿಲ್ಲ. ಹೋಗಿ ನೋಡಿದರೆ ಬಲಗೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಎಡಗೈಯಿಂದ ಅನ್ನ ಕಲಸುತ್ತಿದ್ದರು. ಟಿವಿ ಹೋದ ಸಿಟ್ಟು ಈಗ ತೋರಿಸುತ್ತಿದ್ದಾಳೆ ಎಂದು ಚಿಗವ್ವ ಗೊಣಗಿದರು. ಚಿಗವ್ವ ಒಳಗೆ ಹೋದ ಮೇಲೆ ಅಕ್ಕೋರು ನನ್ನನ್ನು ಹತ್ತಿರ ಕರೆದರು.

"ಕೈ ಹೊಳ್ಳಿ ಹೋತವ್ವಾ. ಒಂದು ತಾಟೂ ಒಡೀವಲ್ದು. ಆಕಿಗೆ ಹೇಳಬ್ಯಾಡ, ಹೆದರ್ತಾಳ."

"ನೋಡೂಣು ಕೊಡ್ರಿ" ಎಂದು ಬಂದೂಕು ಇಸಕೊಂಡೆ. ನನಗೂ ಒಂದೂ ಒಡೆಯಲಿಲ್ಲ. ನಳಿಕೆಯನ್ನು ತಾಟಿಗೇ ಮುಟ್ಟಿಸಿ ಒತ್ತಿದೆ. ಆಗಲೂ ಇಲ್ಲ.

"ನಿನಗೂ ಲಕ್ವಾ ಹೊಡದೈತೇನಲೇ?" ಅಂದರು ಅಕ್ಕೋರು.

ಸವಣೂರಿನ ಟಿವಿ ರಿಪೇರಿಯವನಿಗೆ ಫೋನು ಹಚ್ಚಿದೆ. ಅವನು ಹೇಳಿದ: "ಆ ಗನ್ನು ಪಿಕ್ಚರ್ ಟ್ಯೂಬಿನ ಬೆಳಕಿಗಷ್ಟ ಕೆಲಸ ಮಾಡತೈತ್ರಿ. ಹೊಸಾ ಟಿವಿಗೆ ಏನು ಮಾಡಿದ್ರೂ ಇಲ್ಲ."

ಅದನ್ನೇ ಹೇಳಿದೆ. ಅಕ್ಕೋರು ನಂಬಲಿಲ್ಲ. ನನ್ನ ತಲೆ ಸವರಿ, "ನನ್ನ ಸಮಾಧಾನಕ್ಕ ಕಥಿ ಕಟ್ಟಾಕತ್ತಿ. ಶ್ಯಾಣ್ಯಾಕಿ" ಅಂದರು. ಕೈಯನ್ನು ಸೆರಗಿನಿಂದ ಹೊರಗೆ ತೆಗೆಯಲಿಲ್ಲ. ಎತ್ತದೇ ಬಿಟ್ಟರೆ ಆ ಕೈ ಖರೇನೇ ಹೋಗುತ್ತದೆ ಎಂದು ಹಾವೇರಿಯ ಡಾಕ್ಟರು ನನಗೆ ಬಿಡಿಸಿ ಹೇಳಿದ್ದರು. ಇನ್ನು ಮುಚ್ಚಿಟ್ಟು ಉಪಯೋಗವಿಲ್ಲವೆಂದು ಚಿಗವ್ವನಿಗೆ ಎಲ್ಲ ಹೇಳಿದೆ. ಅವರು ಚಪ್ಪಲಿ ಮೆಟ್ಟದೆ ಅಂಗಡಿಗೆ ಓಡಿದರು. ಹಳೆಯ ಟಿವಿ ಆಗಲೇ ಗುಜರಿ ಸೇರಿ ಚೂರಾಗಿತ್ತು. ವಾಪಸು ಬಂದು ನಮ್ಮ ಅಡಿಗೆಮನೆಯಲ್ಲಿ ಕುಸಿದು ಕೂತರು. "ಸೀರಿಯಲ್ ಚಂದ ಕಾಣ್ಲಿ ಅಂತ ನಮ್ಮ ಅಕ್ಕನ ಕೈನ ಗುಜರಿಗೆ ಹಾಕಿ ಬಂದ್ನೆಲ್ಲವ್ವಾ" ಎಂದು ಅತ್ತರು.

ಊರೆಲ್ಲ ಕೇಳಿದೆವು. ಎಲ್ಲರ ಮನೆಯಲ್ಲೂ ತೆಳ್ಳನೆಯ ಟಿವಿಗಳೇ. ಕೊನೆಗೆ ಅದೇ ಸ್ಟಿಕರ್ ಹಾಕಿ, ಅಕ್ಕೋರಿಗೆ ಡಬ್ಬಾ ಟಿವಿ ಬೇಕಾಗಿದೆ ಎಂದು ಗ್ರೂಪಿಗೆ ಬರೆದೆ. ತಗೋ, ಜಾತ್ರೆಯೇ ನೆರೆಯಿತು. ಒಬ್ಬ ಬೀಸುಕಲ್ಲಿನ ಫೋಟೊ ಹಾಕಿದ, ಇನ್ನೊಬ್ಬ ಟ್ರಂಕಾಲ್ ಫೋನಿನದು. ಹಂಸಭಾವಿಯವನೊಬ್ಬ ತನ್ನ ಅಜ್ಜನ ಫೋಟೊ ಹಾಕಿ "ಇದೂ ಹಳೇ ಮಾಡಲ್, ನಡೀತೈತೇನ್ರಿ?" ಅಂದ. ನನ್ನ ಮೈಯೆಲ್ಲ ಉರಿಯಿತು. ಚಿಗವ್ವ ನನ್ನ ಕೈಯಿಂದ ಮೊಬೈಲು ಕಸಿದು ಅದರೊಳಗೇ ಮಾತಾಡಿಬಿಟ್ಟರು: "ನಗಬ್ಯಾಡ್ರಿ ಯಪ್ಪಾ. ಆಕಿ ಅದರಿಂದ ಕೈ ಎತ್ತಾಕ ಕಲತಿದ್ಲು. ಯಾರ ಮನ್ಯಾಗರ ಇದ್ರ ಕೊಡ್ರಿ."

ಹಂಸಭಾವಿಯವನು ಅಜ್ಜನ ಫೋಟೊ ಅಳಿಸಿದ. ಸಂಜೆ ಯಲವಿಗಿಯಿಂದ ಒಂದು ಫೋನು ಬಂತು.

ಮರುದಿನ ಗೂಡ್ಸ್ ಆಟೋದಲ್ಲಿ ಗಾದಿ ಹಾಸಿ, ಅದರ ಮೇಲೆ ಟಿವಿ ಮಲಗಿಸಿ, ಚಾದರ ಹೊದಿಸಿಕೊಂಡು ಒಬ್ಬ ಹೊಟ್ಟೆ ಬಂದ ಗೃಹಸ್ಥ ಬಂದಿಳಿದ. ದಾರಿಯುದ್ದಕ್ಕೂ ಅದನ್ನು ತಬ್ಬಿಕೊಂಡೇ ಕುಳಿತಿದ್ದನಂತೆ. ಅಕ್ಕೋರ ಕಾಲು ಮುಟ್ಟಿದ. "ನೀವು ಯಲವಿಗಿ ಸಾಲ್ಯಾಗ ಇದ್ದಾಗ ನಾ ಹಿಂದಿನ ಬೆಂಚಿನ್ಯಾಗ ಇದ್ನಿರಿ. ಬಾಳ ಮಾತಾಡ್ತಿದ್ನಿ. ಆ ಫೋಟೋದಾಗ ನೀವು ಯಾರದು ಅಂತ ಕೇಳಿದಾಗೆಲ್ಲ ನನಗ ಕೇಳಿದಂಗ ಆಗತೈತ್ರಿ."

"ಬರ್ರಿ, ಕುಂದರ್ರಿ" ಎಂದು ಚಿಗವ್ವ ಉಪಚಾರಕ್ಕೆ ನಿಂತರು. ಆತ ಕೂರಲಿಲ್ಲ, ಮೊದಲು ವೈರು ಜೋಡಿಸಿದ. ತಾಟುಗಳು ಹಾರತೊಡಗಿದವು. ಅಕ್ಕೋರು ಬಂದೂಕು ಮುಟ್ಟಲೇ ಒಲ್ಲೆ ಅಂದರು. ಚಿಗವ್ವ ಅವರ ಮುಂದೆ ಮೊಣಕಾಲೂರಿ, ಸೆರಗಿನೊಳಗಿನ ಕೈಯನ್ನು ಎರಡೂ ಕೈಯಿಂದ ತೆಗೆದು ಬಂದೂಕಿನ ಮೇಲಿಟ್ಟರು. "ಒಂದ ಸಲ ಅಕ್ಕಾ. ನನ್ನಾಣೆ."

ಮೊದಲನೆಯ ತಾಟು ದಾಟಿ ಹೋಯಿತು. ಎರಡನೆಯದು ಚೂರುಚೂರಾಯಿತು.

ಅಕ್ಕೋರು ಕೈಯನ್ನೇ ನೋಡಿಕೊಂಡರು. ಮತ್ತೊಂದು ಒಡೆದರು. ನನ್ನ ಕಡೆ ತಿರುಗಿ, "ಖರೇನ ಹೇಳಿದ್ದೆಲ್ಲೇ" ಅಂದರು. ಆಮೇಲೆ ಚಿಗವ್ವನಿಗೆ, "ಅಳಕೋತ ಕುಂದ್ರಬ್ಯಾಡ. ಅಂವ ಹಸದು ಬಂದಾನ, ಉಪ್ಪಿಟ್ಟು ಮಾಡು. ಉಪ್ಪು ನೋಡಿ ಹಾಕು." ನಾನು ಅತ್ತೆ, ನಾಚಿಕೆಯಿಲ್ಲದೆ ಅತ್ತೆ.

ಅಕ್ಕೋರು ಹೋದದ್ದು ಹೋದ ಶ್ರಾವಣದಲ್ಲಿ, ನಿದ್ದೆಯಲ್ಲೇ. ಹಿಂದಿನ ಸಂಜೆ ಅದೇ ಬಲಗೈಯಿಂದ ನನ್ನ ಮಗಳಿಗೆ ಸ್ಲೇಟಿನ ಮೇಲೆ ಅಕ್ಷರ ತಿದ್ದಿಸಿದ್ದರು. ನನ್ನ ಅಕ್ಷರವೂ ಅವರದು, ನನ್ನ ಮಗಳದೂ ಅವರದೇ. ಈ ಋಣ ಎಲ್ಲಿ ತೀರಿಸಲಿ?

ಚಿಗವ್ವನ ಮನೆಯಲ್ಲಿ ಈಗ ಎರಡೂ ಟಿವಿಗಳಿವೆ. ಮೊನ್ನೆ ಮಧ್ಯಾಹ್ನ ಗೋಡೆಯಾಚೆ ಢಿಶುಂ ಕೇಳಿ ಓಡಿಹೋದೆ. ಚಿಗವ್ವ ಬಂದೂಕು ಹಿಡಿದು ಕುಳಿತಿದ್ದರು. ನನ್ನನ್ನು ಕಂಡು ನಾಚಿ, "ಸುಮ್ಮನ ಬಿಟ್ರ ಟ್ಯೂಬು ಕೆಡತೈತಂತವ್ವಾ" ಅಂದರು. ಒಂದು ತಾಟೂ ಅವರ ಗುರಿಗೆ ಸಿಗುತ್ತಿರಲಿಲ್ಲ.

"ಹಕ್ಕಿ ಆಟ ಹಾಕಿ ಕೊಡ್ಲೇನು ಚಿಗವ್ವಾ? ಅದು ಸಸಾರ ಐತಿ."

"ಬ್ಯಾಡ ಬ್ಯಾಡ" ಅಂದರು ಚಿಗವ್ವ, ಗುರಿ ಬಿಡದೆ. "ಅಕ್ಕಗ ಸೇರೂದಿಲ್ಲ."